ಏಳನೇ ಸಂಚಿಕೆಯ ಮಡು

೨೦೨೪ರ ಮಾರ್ಚ್ ೧೬, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ.

"ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಡಬೇಡಿ!"

ಅವಳು ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು ನಿಂತುಬಿಟ್ಟಳು. ಹಾವೋ, ಚೇಳೋ...

"ಏನು... ಏನಿದೆ ಅಲ್ಲಿ?"

"ಏನೂ ಇಲ್ಲ. ನಿಮ್ಮ ಬೂಟು ಇದೆ."

ಕೆರೆಯಂಚಿನ ಜೊಂಡಿನ ನಡುವೆ, ಮೊಣಕಾಲುದ್ದದ ನೀರಿನಲ್ಲಿ ಒಬ್ಬ ಗಾಳದ ಕೋಲು ಹಿಡಿದು ನಿಂತಿದ್ದ. ಮುಖ ತಿರುಗಿಸದೆಯೇ ಮಾತಾಡುತ್ತಿದ್ದ.

"ನೀವು ನಡೆಯೋದು ಮೀನಿಗೆ ಗೊತ್ತಾಗುತ್ತೆ. ಪಕ್ಕೆಯುದ್ದಕ್ಕೂ ಒಂದು ಗೆರೆ ಇರುತ್ತೆ ಅದಕ್ಕೆ, ಅದರಲ್ಲೇ ಅದುರು ಹಿಡಿಯುತ್ತೆ. ದಡ ಅದುರಿದ್ರೆ ನೀರು ಅದುರುತ್ತೆ, ನೀರು ಅದುರಿದ್ರೆ ಮೀನು ಪರಾರಿ. ನಲವತ್ತು ನಿಮಿಷದಿಂದ ನಿಂತಿದೀನಿ ನಾನು."

"ಹಾಗಂತ ಬೋರ್ಡ್ ಹಾಕಿದೀರಾ?"

ಅವನು ಈಗ ತಿರುಗಿ ನೋಡಿದ. ಬೈಯಲು ತೆರೆದ ಬಾಯಿ ಹಾಗೇ ಒಂದು ಕ್ಷಣ ತೆರೆದಿತ್ತು. ಆಮೇಲೆ ಮೆಲ್ಲಗೆ ಹೇಳಿದ, "ಬೂಟು ಬಿಚ್ಚಿ ಬನ್ನಿ."

ಬರಿಗಾಲಿಗೆ ತಣ್ಣನೆ ಮಣ್ಣು ತಾಗಿತು. ಕೋಪ ಬಂದಿತ್ತು, ನಿಜ. ಆದರೂ ಯಾಕೋ ಹೆಜ್ಜೆಗಳು ತಾವಾಗಿ ಹಗುರಾದವು.

ಆಗ ನೀರಿನ ಮೇಲಿದ್ದ ಕೆಂಪು ಬೆಂಡು ಒಮ್ಮೆ ಅಲುಗಿತು. ಇನ್ನೊಮ್ಮೆ. ಆಮೇಲೆ ಇದ್ದ ಜಾಗದಿಂದಲೇ ಮಾಯ!

ಕೋಲು ಬಿಲ್ಲಿನಂತೆ ಬಾಗಿತು. ಅವನು ಎಳೆಯಲಿಲ್ಲ, ಒಂದಿಷ್ಟು ಬಿಟ್ಟ, ಒಂದಿಷ್ಟು ಸೆಳೆದ. ಕೊನೆಗೆ ಎರಡು ಒದ್ದೆ ಅಂಗೈಗಳ ನಡುವೆ ಬೆಳ್ಳಿಯ ಬಣ್ಣದ ಮೀನೊಂದು ಮೇಲೆ ಬಂತು.

"ಫೋಟೋ... ಒಂದು ಫೋಟೋ ತೆಗೀಲಾ?"

"ಹತ್ತೇ ಸೆಕೆಂಡು. ಅದಕ್ಕಿಂತ ಹೆಚ್ಚು ಹೊರಗಿಟ್ರೆ ಇದಕ್ಕೆ ಕಷ್ಟ. ಆಮೇಲೆ ಬಿಟ್ಬಿಡ್ತೀನಿ. ಒಂದು..."

"ಅಯ್ಯೋ ತಡೀರಿ, ಮುಚ್ಚಳವೇ ತೆಗೆದಿಲ್ಲ!"

"ಎರಡು... ಮೂರು..."

ಕೈಯಲ್ಲಿದ್ದ ಬೂಟು ಬಿತ್ತು. ಕ್ಯಾಮೆರಾದ ಪಟ್ಟಿ ಜಡೆಗೆ ಸಿಕ್ಕಿಕೊಂಡಿತು.

"ಏಳು... ಎಂಟು... ಒಂಬತ್ತು..."

ಕ್ಲಿಕ್!

"ಹತ್ತು."

ಮೀನು ಹೊರಟುಹೋಯಿತು. ಎಣಿಸುವಷ್ಟು ಹೊತ್ತೂ ಅವನು ನೋಡುತ್ತಿದ್ದದ್ದು ಮೀನನ್ನಲ್ಲ. ಅದು ಅವಳಿಗೆ ಗೊತ್ತಾದದ್ದು ಮಾತ್ರ ಬಹಳ ತಿಂಗಳ ಮೇಲೆ.

* * *

ಅವಳಿಗೆ ಮೀನು ಹಿಡಿಯಲು ಬರುತ್ತಿರಲಿಲ್ಲ. ಅವಳದು ಔಷಧಿ ಡಬ್ಬಿಗಳ ಚೀಟಿ ವಿನ್ಯಾಸ ಮಾಡುವ ಕೆಲಸ. 'ದಿನಕ್ಕೆರಡು ಬಾರಿ, ಊಟದ ನಂತರ' ಎಂಬುದನ್ನು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಕನ್ನಡಕ ಮರೆತು ಬಂದವರೂ ಓದುವಂತೆ ಕೂರಿಸುವುದು.

ಗಾಳದ ಹುಚ್ಚು ಇದ್ದದ್ದು ಚಿಕ್ಕಮ್ಮನಿಗೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಚಿಕ್ಕಮ್ಮ, ಭಾನುವಾರವಾದರೆ ಟೋಪಿ ಹಾಕಿಕೊಂಡು ಕೆರೆಗೆ ಹೋಗುವವರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಗಂಡಸರು ಮೀನಿನಷ್ಟು ಹೊತ್ತು ಸುಮ್ಮನಿರಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವಳು ಅವರ ಮನೆಯಲ್ಲೇ ಬೆಳೆದವಳು, ಮೂವತ್ತೊಂದು ತುಂಬಿದರೂ ಅವರ ಬಾಯಲ್ಲಿ ಇನ್ನೂ 'ಪುಟ್ಟಿ'.

"ಎಲ್ಲ ಭಾಷೆಯಲ್ಲೂ ಗಾಳದವರಿಗೆ ಪತ್ರಿಕೆ ಇದೆಯಂತೆ ಕಣೇ. ನಮ್ಮ ಮೀನುಗಳೇನು ಓದುಬರಹ ಇಲ್ಲದವಾ?" ಎಂದು ಚಿಕ್ಕಮ್ಮ ಒಂದು ದಿನ ಗೊಣಗಿದ್ದೇ ನೆಪ. ಇಬ್ಬರೂ ಸೇರಿ ಪತ್ರಿಕೆ ಮಾಡುವುದೆಂದಾಯಿತು. ಅಚ್ಚು ಹಾಕುವುದಿಲ್ಲ, ಫೋನಿನಲ್ಲೇ ಓದುವುದು. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಆರಕ್ಕೆ ಬಿಡುಗಡೆ. ಹೆಸರು 'ನೀರಂಚು'.

ಚಿಕ್ಕಮ್ಮ ಬರೆಯುವುದು, ಅವಳು ಪುಟ ಕಟ್ಟುವುದು. ಫೋನಿನ ಅಗಲಕ್ಕೆ ಒಂದೇ ಅಂಕಣ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ಬಡಿಯದ ಹಾಗೆ ಸಾಲುಗಳ ನಡುವೆ ಜಾಗ. ಎಲ್ಲ ಫೋಟೋಗಳೂ ಬೇಗ ತೆರೆದುಕೊಳ್ಳಲೆಂದು ಸಾವಿರದ ಇನ್ನೂರು ಪಿಕ್ಸೆಲ್ ಅಗಲಕ್ಕೆ ಇಳಿಯಬೇಕು. ಈ ನಿಯಮಗಳನ್ನು ಅವಳು ಒಂದು ಕಾಗದದಲ್ಲಿ ಬರೆದು ಮೇಜಿನ ಮೇಲೆ ಗೋಡೆಗೆ ಅಂಟಿಸಿದ್ದಳು.

ಮೊದಲ ಸಂಚಿಕೆಯ ಮುಖಪುಟದಲ್ಲಿ ಬಂದದ್ದು ಚಿತ್ರ ಹುಡುಕುತ್ತ ಹೋಗಿ ಕೆರೆಯಲ್ಲಿ ತೆಗೆದ ಆ ಒಂದೇ ಫೋಟೋ. ಮೀನಿನ ಮುಖವೂ ಇಲ್ಲ, ಹಿಡಿದವನ ಮುಖವೂ ಇಲ್ಲ. ತೆರೆದುಕೊಳ್ಳುತ್ತಿರುವ ಒದ್ದೆ ಬೆರಳುಗಳು, ಜಾರುತ್ತಿರುವ ಬಾಲ, ಅಷ್ಟೇ.

ಮರುದಿನ ಮೇಲ್ ಬಂತು.

'ಸಂಪಾದಕರಿಗೆ ನಮಸ್ಕಾರ. ಮುಖಪುಟದಲ್ಲಿರುವ ಬೆರಳುಗಳು ನನ್ನವು. ಆಕ್ಷೇಪಣೆ ಇಲ್ಲ. ಆದರೆ ಒಳಪುಟದಲ್ಲಿ ಆ ಮೀನಿನ ಉದ್ದ ನಲವತ್ತೆರಡು ಸೆಂಟಿಮೀಟರ್ ಎಂದಿದೆ. ಅದು ಮೂವತ್ನಾಲ್ಕು. ಇಂತಿ, ಬೂಟು ಬಿಚ್ಚಿಸಿದವನು.'

ಓದಿ ಅವಳ ಮುಖ ಕಿವಿಯವರೆಗೂ ಕೆಂಪಾಯಿತು.

"ಚಿಕ್ಕಮ್ಮ! ಎಂಟು ಸೆಂಟಿಮೀಟರ್ ಸೇರಿಸಿದ್ದು ನೀವಾ?"

"ಅದು ಗಾಳದವರ ಮರ್ಯಾದೆ ಕಣೇ. ಇದ್ದಷ್ಟೇ ಹೇಳಿದ್ರೆ ಅವನು ಮೀನು ಹಿಡಿಯೋನಲ್ಲ, ಅಳತೆಪಟ್ಟಿ!"

ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಅಳತೆಪಟ್ಟಿ ಎಂದೇ ಆಯಿತು. ಹೆಸರು ತಪ್ಪೇನೂ ಆಗಿರಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ದೂರದ ಹೊಳೆಯೊಂದರ ಸೇತುವೆಯ ಬಳಿ, ದಿನಕ್ಕೆ ಮೂರು ಸಲ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆದಿಡುವುದೇ ಅವನ ಸರ್ಕಾರಿ ಕೆಲಸ.

ಎರಡನೇ ಸಂಚಿಕೆಯಿಂದ ಅವನು 'ನೀರಿನ ಮಟ್ಟ' ಎಂಬ ಅಂಕಣ ಬರೆಯತೊಡಗಿದ. ಪಟ್ಟಿ ಹಿಡಿದು ತೆಗೆದ ಫೋಟೋಗಳ ಕೆಳಗೆ 'ಅಳತೆ ಸಹಿತ', ಉಳಿದವುಗಳ ಕೆಳಗೆ 'ಹೇಳಿಕೆಯ ಪ್ರಕಾರ' ಎಂದು ಹಾಕಬೇಕೆಂದು ಹಟ ಹಿಡಿದವನೂ ಅವನೇ. ಓದುಗರು ರೇಗಿದರು. ಕ್ಷೌರದಂಗಡಿ ಇಟ್ಟಿದ್ದ ಓದುಗನೊಬ್ಬ ಅವಳಿಗೆ ಫೋನ್ ಮಾಡಿಯೇ ಬಿಟ್ಟ. "ಮೇಡಂ, ನನ್ನ ಮೀನಿನ ಕೆಳಗೆ 'ಹೇಳಿಕೆಯ ಪ್ರಕಾರ' ಅಂತ ಹಾಕಿದೀರಲ್ಲ, ಅಂಗಡಿಗೆ ಬಂದೋರೆಲ್ಲ 'ಏನಣ್ಣ, ನಿನ್ನ ಮೀಸೆನೂ ಹೇಳಿಕೆಯ ಪ್ರಕಾರನಾ' ಅಂತಾರೆ!"

ತಿಂಗಳಿಗೊಮ್ಮೆ, ಕರಡು ತಿದ್ದುವ ದಿನ ಸಂಜೆ, ಅವನು ಫೋನ್ ಮಾಡಿ ಅಂಕಣವನ್ನು ಗಟ್ಟಿಯಾಗಿ ಓದುತ್ತಿದ್ದ. ಅವಳು ಪುಟದ ಮೇಲೆ ಗುರುತು ಹಾಕುತ್ತಿದ್ದಳು. ಅವನ ಧ್ವನಿಯಲ್ಲಿ ಅಲ್ಪವಿರಾಮಗಳೂ ಕೇಳಿಸುತ್ತಿದ್ದವು.

"ಸಂಪಾದಕರೇ, ಮೂರನೇ ಸಾಲು ಇಕ್ಕಟ್ಟಾಗಿ ಕಾಣುತ್ತೆ ಅಲ್ವಾ?"

"ನೀವು ಪದ ಕಡಿಮೆ ಮಾಡಿದ್ರೆ ಸಡಿಲ ಆಗುತ್ತೆ."

"ಪದ ಕಡಿಮೆ ಮಾಡಿದ್ರೆ ಫೋನ್ ಬೇಗ ಮುಗಿದುಹೋಗುತ್ತೆ."

ಆಮೇಲೆ ಇಬ್ಬರೂ ನಾಲ್ಕನೇ ಸಾಲಿಗೆ ಹೋದರು.

*ಇವನಿಗೆ ಹೇಳುವುದು ಹೇಗೆ... ನನಗೆ ತಿಂಗಳೆಂದರೆ ಮೂವತ್ತು ದಿನವಲ್ಲ, ಈ ಅರ್ಧ ಗಂಟೆ ಮಾತ್ರ ಎಂದು?*

* * *

ಏಳನೇ ಸಂಚಿಕೆಗೆ ಅವನು ಕಳಿಸಿದ್ದು ಒಂದು ಫೋಟೋ, ಜೊತೆಗೆ ನಾಲ್ಕು ಸಾಲು.

'ಇದು ಹೊಳೆಯ ಒಂದು ಮಡು. ನೀರು ತಿರುಗಿ ನಿಂತು ಆಳವಾದ ಜಾಗ. ಮಳೆ ಇಳಿದ ಮೇಲೆ ದೊಡ್ಡ ಮೀನುಗಳು ಇಲ್ಲಿ ಸೇರುತ್ತವೆ, ನವೆಂಬರ್‌ನಲ್ಲಿ ಪಕ್ಕದ ಜಲ್ಲಿಯ ಮೇಲೆ ಮೊಟ್ಟೆಯಿಡುತ್ತವೆ. ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ, ಒಮ್ಮೆಯೂ ಗಾಳ ಹಾಕಿಲ್ಲ, ಯಾರಿಗೂ ಹೇಳಿಲ್ಲ. ನಿಮಗೆ ತೋರಿಸಬೇಕು ಅನ್ನಿಸಿತು. ಪತ್ರಿಕೆಯಲ್ಲಿ ಹಾಕಿ, ಎಲ್ಲಿ ಎಂದು ಮಾತ್ರ ಬೇಡ.'

ಅವಳು ಫೋಟೋ ತೆರೆದಳು.

ಹಸಿರು ನೀರು. ಓರೆಯಾಗಿ ಬಾಗಿದ ಒಂದು ಮರ. ಅದರ ನೆರಳಿನಲ್ಲಿ, ನೀರಿನ ಕೆಳಗೆ, ಹೊಂಬಣ್ಣದ ಮೈಗಳು ಸಾಲಾಗಿ ನಿಂತಿದ್ದವು. ದೊಡ್ಡದು ಮಾಡಿದಷ್ಟೂ ಹೊಸದು ಕಾಣುತ್ತಿತ್ತು. ಒಂದೊಂದು ಹುರುಪೆ, ಒಂದೊಂದು ಕಲ್ಲು, ಮೂಲೆಯಲ್ಲಿ ನೀರಿನ ಮೇಲೆ ಬಿದ್ದಿದ್ದ ಅವನ ಟೋಪಿಯ ನೆರಳು ಕೂಡ...

ಸಾವಿರದ ಇನ್ನೂರಕ್ಕೆ ಇಳಿಸಿ ನೋಡಿದಳು. ಹುರುಪೆಗಳು ಮಸುಕಾದವು. ಟೋಪಿಯ ನೆರಳು ಬರೀ ಕಪ್ಪು ಮಚ್ಚೆಯಾಯಿತು.

*ಇಲ್ಲ. ಇದನ್ನು ಚಿಕ್ಕದು ಮಾಡಲು ನನ್ನ ಕೈಯಲ್ಲಾಗದು.*

ಏಳು ಸಂಚಿಕೆಗಳಲ್ಲಿ ಮೊದಲ ಬಾರಿಗೆ ಅವಳು ತನ್ನ ನಿಯಮವನ್ನು ತಾನೇ ಮುರಿದಳು. ಅವನು ಕಳಿಸಿದ ಫೋಟೋವನ್ನು ಕಳಿಸಿದ ಹಾಗೆಯೇ, ಒಂದು ಚುಕ್ಕೆಯನ್ನೂ ಮುಟ್ಟದೆ ಪುಟದಲ್ಲಿಟ್ಟಳು. 'ಪೂರ್ತಿ ನೋಡಲು ಇಲ್ಲಿ ಒತ್ತಿ, ಬೇಕಾದವರು ಇಳಿಸಿಕೊಳ್ಳಿ' ಎಂದು ಕೆಳಗೆ ಬರೆದಳು.

ಅಕ್ಟೋಬರ್ ಒಂದರಂದು ಸಂಚಿಕೆ ಹೊರಬಂತು. ಓದಿದವರು ಮೂರು ಸಾವಿರದ ಇನ್ನೂರು ಜನ. ಹಿಂದೆಂದೂ ಅಷ್ಟು ಮಂದಿ ಓದಿರಲಿಲ್ಲ!

ಆರನೇ ತಾರೀಕು, ಭಾನುವಾರ ಬೆಳಿಗ್ಗೆ, ಅವಳು ಧೈರ್ಯ ಮಾಡಿದಳು. ಏಳು ಸಲ ಬರೆದು ಅಳಿಸಿದ್ದನ್ನು ಎಂಟನೇ ಸಲ ಕಳಿಸಿಬಿಟ್ಟಳು.

'ಒಂದು ದಿನ ನನ್ನನ್ನೂ ಆ ಮಡುವಿಗೆ ಕರ್ಕೊಂಡು ಹೋಗ್ತೀರಾ? ಪತ್ರಿಕೆಗೋಸ್ಕರ ಅಲ್ಲ.'

ಉತ್ತರ ಸಂಜೆ ಬಂತು.

'ಇನ್ನು ಮುಂದೆ ನಾನು ಬರೆಯುವುದಿಲ್ಲ. ಇದುವರೆಗಿನ ಸಹಕಾರಕ್ಕೆ ವಂದನೆಗಳು.'

ಅವಳು ಅದನ್ನು ಮೂರು ಸಲ ಓದಿದಳು. ಸಹಕಾರ... ವಂದನೆ... ಪರಿಚಯವೇ ಇಲ್ಲದವರಿಗೆ ಬರೆಯುವ ಹಾಗೆ! ಫೋನ್ ಮಾಡಿದಳು. ಅವನು ತೆಗೆಯಲಿಲ್ಲ.

*ಮಿತಿ ಮೀರಿದೆ ನಾನು. ಅವನ ಪಾಡಿಗೆ ಅವನು ಬರೆಯುತ್ತಿದ್ದ. ನಾನೇ ಆಸೆಪಟ್ಟು ಎಲ್ಲ ಕೆಡಿಸಿಕೊಂಡೆ.*

* * *

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಹೊರಗಿನಿಂದ ನೋಡಿದರೆ ಏನೂ ಬದಲಾಗಿರಲಿಲ್ಲ. ಅವಳು ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಉಣ್ಣುತ್ತಿದ್ದಳು. ಆದರೆ ಬೆಳಿಗ್ಗೆ ಎಂಟಾಯಿತೆಂದರೆ ಕೈ ತಾನಾಗಿ ನಿಲ್ಲುತ್ತಿತ್ತು. *ಈಗ ಅವನು ಮೆಟ್ಟಿಲಿಳಿದು ನೀರಿನ ಹತ್ತಿರ ಬಗ್ಗಿರುತ್ತಾನೆ.* ಮಧ್ಯಾಹ್ನ ಒಂದಕ್ಕೆ ಮತ್ತೆ. ಸಂಜೆ ಆರಕ್ಕೆ ಮತ್ತೆ. ಎರಡು ಗಂಟೆ ದೂರದ ಒಂದು ಹೊಳೆ ದಿನಕ್ಕೆ ಮೂರು ಸಲ ಅವಳ ಎದೆಯೊಳಗೆ ಏರಿ ಇಳಿಯುತ್ತಿತ್ತು.

ಒಂದು ದಿನ ಅವಳ ಮೇಲಧಿಕಾರಿ ಚೀಟಿಯ ಮಾದರಿ ಹಿಡಿದು ಮೇಜಿನ ಬಳಿ ಬಂದರು.

"ಏನಮ್ಮಾ ಇದು? ಕೆಮ್ಮಿನ ಔಷಧಿ ಮೇಲೆ 'ನೀರಿನ ಮಟ್ಟ' ಅಂತ ಬರೆದಿದೀಯಾ?"

ಪಕ್ಕದ ಮೇಜಿನವರು ನಕ್ಕರು. ಅವಳೂ ನಗಲು ಹೋದಳು. ಕಣ್ಣು ಒಪ್ಪಲಿಲ್ಲ.

ಎಂಟನೇ ಸಂಚಿಕೆಯಲ್ಲಿ ಅವನ ಅಂಕಣದ ಜಾಗಕ್ಕೆ ಏನನ್ನು ತಂದಿಟ್ಟರೂ ಹೊಂದಲಿಲ್ಲ. ಕೊನೆಗೆ ಆ ಪುಟವನ್ನೇ ತೆಗೆದಳು.

"ಏನಾಯ್ತು ಹೇಳ್ತೀಯೋ ಇಲ್ಲವೋ?" ಚಿಕ್ಕಮ್ಮ ಗದರಿದರು. "ತಿಂಗಳಿಂದ ನೋಡ್ತಿದೀನಿ. ಮುಖ ನೋಡಿದ್ರೆ ದಾರ ಕಡಿದುಕೊಂಡ ಗಾಳದ ಹಾಗಿದೆ."

ಅವಳು ಹೇಳಿದಳು. ಚಿಕ್ಕಮ್ಮ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು.

"ನೀನೇನು ತಾಳಿ ಕಟ್ಟು ಅಂದ್ಯಾ? ಮಡು ತೋರಿಸಿ ಅಂದೆ. ಅಷ್ಟಕ್ಕೇ ಓಡಿಹೋಗೋ ಗಂಡಸು ಓಡಲಿ ಬಿಡು." ಕನ್ನಡಕ ಮತ್ತೆ ಹಾಕಿಕೊಂಡು, "ಆದ್ರೂ... ಒಂದು ಸಂಖ್ಯೆ ತಪ್ಪಿದ್ರೆ ನಾಲ್ಕು ಪ್ಯಾರಾ ಬರೀತಿದ್ದೋನು, ಕಾರಣ ಹೇಳದೆ ಎರಡು ಸಾಲಲ್ಲಿ ಮುಗಿಸಿದ ಅಂದ್ರೆ ಏನೋ ಆಗಿದೆ ಕಣೇ."

ಏನಾಗಿತ್ತು ಎಂಬುದು ನವೆಂಬರ್ ಒಂಬತ್ತರಂದು, ಶನಿವಾರ, ಗೊತ್ತಾಯಿತು.

ಕ್ಷೌರದಂಗಡಿಯವನು ಮುಂದಿನ ಸಂಚಿಕೆಗೆಂದು ಒಂದು ಫೋಟೋ ಕಳಿಸಿದ್ದ. ಮೀನಿಗೆ ಪಟ್ಟಿ ಹಿಡಿದೇ ತೆಗೆಸಿದ್ದ, ಹಲ್ಲು ಕಿರಿದು ನಿಂತಿದ್ದ. ಅವನ ಹಿಂದೆ ಹಸಿರು ನೀರು. ನೀರಿನ ಸುತ್ತ ಇಪ್ಪತ್ತಕ್ಕೂ ಹೆಚ್ಚು ಗಾಳದ ಕೋಲುಗಳು. ಓರೆಯಾಗಿ ಬಾಗಿದ ಒಂದು ಮರ...

ತಕ್ಷಣ ಫೋನ್ ಮಾಡಿದಳು.

"ಅಣ್ಣಾ, ಈ ಜಾಗ... ಈ ಜಾಗ ನಿಮಗೆ ಯಾರು ಹೇಳಿದ್ದು?"

"ಅಯ್ಯೋ, ನೀವೇ ಅಲ್ವಾ ಮೇಡಂ! ಅಕ್ಟೋಬರ್ ಸಂಚಿಕೆ ಫೋಟೋ ಇಳಿಸ್ಕೊಂಡು 'ವಿವರ' ಅಂತ ಒತ್ತಿದ್ರೆ ನಕ್ಷೆನೇ ಬಂತು. ದಾರಿ ಸಮೇತ! ಮೊದಲನೇ ಭಾನುವಾರವೇ ನಲವತ್ತು ಜನ ಸೇರಿದ್ವಿ. ಅಳತೆಯವರೂ ಸಿಕ್ಕಿದ್ರು. 'ಪತ್ರಿಕೆಯವರೇ ಜಾಗ ಕೊಟ್ರು' ಅಂದೆ. ಮನುಷ್ಯ ಒಂದು ಮಾತೂ ಆಡಲಿಲ್ಲ, ಮರದ ಕೆಳಗೆ ನಿಂತಿದ್ದು ಹೊರಟೇ ಹೋದ್ರು."

ಮೊದಲನೇ ಭಾನುವಾರ. ಅಕ್ಟೋಬರ್ ಆರು!

ಅವಳು ಕುರ್ಚಿಯಲ್ಲಿ ಕುಸಿದು ಕುಳಿತಳು. ಈಗಿನ ಫೋನುಗಳು ಫೋಟೋ ತೆಗೆದ ಜಾಗವನ್ನೂ ಫೋಟೋದೊಳಗೇ ಬರೆದಿಡುತ್ತವೆ. ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಇಷ್ಟು ದಿನ ಅದರ ಬಗ್ಗೆ ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಅವಳು ಚಿಕ್ಕದು ಮಾಡಿ ಉಳಿಸುತ್ತಿದ್ದ ಪ್ರತಿ ಫೋಟೋದಿಂದಲೂ ಆ ಬರಹ ತಾನಾಗಿ ಉದುರಿಹೋಗುತ್ತಿತ್ತು. ಉದುರದೆ ಉಳಿದದ್ದು ಒಂದರಲ್ಲಿ ಮಾತ್ರ. ಅವಳು ಪ್ರೀತಿಯಿಂದ ಮುಟ್ಟದೆ ಬಿಟ್ಟದ್ದರಲ್ಲಿ.

ನಲವತ್ತು ಜನ ಅವನ ಮಡುವನ್ನು ತುಳಿಯುತ್ತಿದ್ದ ಬೆಳಿಗ್ಗೆಯೇ ಅವನ ಫೋನಿಗೆ ಅವಳ ಸಂದೇಶ ಹೋಗಿತ್ತು. *ನನ್ನನ್ನೂ ಕರ್ಕೊಂಡು ಹೋಗ್ತೀರಾ?*

"ಅಯ್ಯೋ..." ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಅಣಕಿಸಿದೆ ಅಂದ್ಕೊಂಡಿರ್ತಾರೆ ಚಿಕ್ಕಮ್ಮ!"

* * *

ಅಂದೇ ಮಧ್ಯಾಹ್ನ ಅವಳು ಏಳನೇ ಸಂಚಿಕೆಯನ್ನು ಹಿಂದಕ್ಕೆ ತೆಗೆದಳು.

"ಮೂರು ಸಾವಿರದ ಇನ್ನೂರು ಜನ ಓದಿದ ಸಂಚಿಕೆ ಅದು, ಪುಟ್ಟಿ," ಎಂದರು ಚಿಕ್ಕಮ್ಮ. ತಡೆಯಲಿಕ್ಕಲ್ಲ, ಅವಳಿಗೆ ಗೊತ್ತಿರಲಿ ಎಂದು.

"ಅದಕ್ಕೇ ಚಿಕ್ಕಮ್ಮ."

ಅದರ ಜಾಗದಲ್ಲಿ ಒಂದೇ ಪುಟ ಇಟ್ಟಳು, ಎಲ್ಲ ಓದುಗರಿಗೂ ಕಳಿಸಿದಳು. ಚಿತ್ರವಿಲ್ಲ, ಬಣ್ಣವಿಲ್ಲ.

'ಏಳನೇ ಸಂಚಿಕೆಯ ಫೋಟೋದಲ್ಲಿ ಜಾಗದ ಗುರುತು ಉಳಿದಿತ್ತು. ತೆಗೆದವರು ಗುಟ್ಟಾಗಿಡಲು ಕೇಳಿಕೊಂಡಿದ್ದರು. ಉಳಿಸಿದ ತಪ್ಪು ಸಂಪಾದಕಿಯದು, ಅವರದಲ್ಲ. ಆ ಮಡುವಿನ ಪಕ್ಕದ ಜಲ್ಲಿಯ ಮೇಲೆ ಮೀನುಗಳು ಮೊಟ್ಟೆಯಿಡುವ ತಿಂಗಳು ಇದು. ಅಲ್ಲಿ ಕಾಲಿಟ್ಟರೆ ಒಂದು ವರ್ಷದ ಮರಿಗಳು ಹೋಗುತ್ತವೆ. ದಯವಿಟ್ಟು ಯಾರೂ ಹೋಗಬೇಡಿ. ನಮ್ಮ ಮೇಲೆ ಕೋಪ ಬಂದರೆ ಪತ್ರಿಕೆ ಬಿಡಿ, ಆದರೆ ಮಡುವನ್ನೂ ಬಿಡಿ.'

"ಅವನಿಗೂ ಇದನ್ನೇ ಕಳಿಸ್ತೀಯಾ?"

"ಇಲ್ಲ. ಅವರ ಹತ್ತಿರ ನಾನೇ ಹೋಗ್ತೀನಿ."

ಸೋಮವಾರ ರಜೆ ಹಾಕಿ ಮೊದಲ ಬಸ್ಸು ಹಿಡಿದಳು. ಸೇತುವೆಯ ಬಳಿ ಇಳಿದಾಗ ಎಂಟಕ್ಕೆ ಐದು ನಿಮಿಷವಿತ್ತು. ಕೆಳಗೆ ಹೊಳೆಗಿಳಿಯುವ ಮೆಟ್ಟಿಲು, ಪಕ್ಕದಲ್ಲಿ ಒಂದೇ ಕೋಣೆಯ ಕಚೇರಿ. ಅವನು ಬಗ್ಗಿ, ನೀರಿನಲ್ಲಿ ನೆಟ್ಟಿದ್ದ ಅಂಕಿಗಳ ಕಂಬವನ್ನು ನೋಡುತ್ತಿದ್ದ.

ಹೆಜ್ಜೆಯ ಸದ್ದಿಗೆ ತಲೆಯೆತ್ತಿದ. ಮುಖದ ಬಣ್ಣ ಬದಲಾಯಿತು.

"ಇಲ್ಲಿಯ ಜಾಗವೂ ನಕ್ಷೆಯಲ್ಲಿ ಸಿಕ್ತಾ?"

ಚುಚ್ಚಿತು. ಚುಚ್ಚಲಿ ಎಂದುಕೊಂಡು ನಿಂತಳು.

"ಸಿಗುತ್ತೆ. ಇದು ಸರ್ಕಾರಿ ಕಚೇರಿ," ಎಂದಳು. "ನಾನು ಹೇಳೋದು ಪೂರ್ತಿ ಕೇಳಿ. ಆಮೇಲೆ ಹೋಗು ಅಂದ್ರೆ ಹೋಗ್ತೀನಿ."

ನಿಂತಲ್ಲೇ ಎಲ್ಲ ಹೇಳಿದಳು. ನಿಯಮವಿದ್ದದ್ದು, ಮುರಿದದ್ದು, ಗುರುತು ಉಳಿದದ್ದು, ಶನಿವಾರ ಗೊತ್ತಾದದ್ದು. ಒಂದನ್ನೂ ಸಣ್ಣದು ಮಾಡಲಿಲ್ಲ.

"ನಿಯಮ ಯಾಕೆ ಮುರಿದ್ರಿ?" ಅವನು ಕೇಳಿದ. "ಏಳು ತಿಂಗಳಲ್ಲಿ ನೀವು ಒಂದು ಅಲ್ಪವಿರಾಮ ಬಿಟ್ಟಿದ್ದು ನಾನು ಕಂಡಿಲ್ಲ."

"ಚಿಕ್ಕದು ಮಾಡಿದ್ರೆ..." ಅವಳು ನೀರಿನ ಕಡೆ ನೋಡಿದಳು. "ನಿಮ್ಮ ಟೋಪಿಯ ನೆರಳು ಅಳಿಸಿಹೋಗ್ತಿತ್ತು."

ಅವನು ತಲೆಯ ಮೇಲಿದ್ದ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಆ ದಿನ ನಿಮ್ಮ ಮೆಸೇಜು ನಾನು ಮಡುವಿನ ಹತ್ತಿರವೇ ಓದಿದೆ," ಎಂದ ಕೊನೆಗೆ. "ಸುತ್ತ ಜನ ಗಲಾಟೆ ಮಾಡ್ತಿದ್ರು. ನಗಾಡ್ತಿದೀರಿ ಅಂದ್ಕೊಂಡೆ. ಕೇಳಬಹುದಿತ್ತು. ಸಿಟ್ಟಿನಲ್ಲಿ ಕೇಳಲಿಲ್ಲ. ಆಮೇಲೆ... ಕೇಳೋ ಮುಖ ಇರಲಿಲ್ಲ."

ಎಂಟಾಯಿತು. ಅವನು ಅಭ್ಯಾಸದಂತೆ ಕಂಬ ನೋಡಿ ಒಳಗೆ ಹೋಗಿ ಪುಸ್ತಕ ತೆರೆದ. ಅವಳು ಬಾಗಿಲಲ್ಲಿ ನಿಂತೇ ನೋಡಿದಳು. ದಿನಾಂಕ, ಹೊತ್ತು, ಮಟ್ಟ. ಕೊನೆಯಲ್ಲಿ, ದಿನಕ್ಕೊಂದು ಟಿಪ್ಪಣಿಗೆಂದು, 'ಷರಾ' ಎಂಬ ಕಾಲಂ. ಹಿಂದಿನ ಪುಟಗಳಲ್ಲಿ ಆ ಕಾಲಂ ಇರುವೆ ಸಾಲಿನಂಥ ಅಕ್ಷರಗಳಿಂದ ತುಂಬಿತ್ತು: 'ಮಿಂಚುಳ್ಳಿ ಎರಡು', 'ನೀರಿಗೆ ಹುಲ್ಲಿನ ವಾಸನೆ', 'ಸಂಪಾದಕರಿಗೆ ಹೇಳಬೇಕು'...

ಅಕ್ಟೋಬರ್ ಏಳರಿಂದ ಈಚೆಗೆ ಪ್ರತಿದಿನ ಒಂದೇ ಮಾತು. 'ವಿಶೇಷವಿಲ್ಲ.' 'ವಿಶೇಷವಿಲ್ಲ.' 'ವಿಶೇಷವಿಲ್ಲ.' ಅವಳು ಎಣಿಸಿದಳು. ಮೂವತ್ತೈದು.

ಇವತ್ತಿನ ಸಾಲಿಗೆ ಅವನು ಮಟ್ಟ ಬರೆದ. ಷರಾ ಕಾಲಮಿನ ಮೇಲೆ ಪೆನ್ನು ತಂದು ನಿಲ್ಲಿಸಿದ. ಏನೂ ಬರೆಯದೆ ಮುಚ್ಚಳ ಹಾಕಿದ.

"ನನ್ನ ಮೇಲೆ ಕೋಪ ಇದೆಯಾ ಇನ್ನೂ?" ಅವಳು ಕೇಳಿದಳು.

"ನಿಮ್ಮ ಮೇಲಿಲ್ಲ. ಆದ್ರೆ ಮಡುವಿನ ಮೀನು ಚದುರಿಹೋಗಿವೆ. ಮತ್ತೆ ಬರ್ತಾವೋ ಇಲ್ಲವೋ ಗೊತ್ತಿಲ್ಲ. ಈ ವರ್ಷ ಮರಿ ಆಗಲಿಲ್ಲ ಅಂದ್ರೆ..." ಅವನು ಪುಸ್ತಕ ಮುಚ್ಚಿದ. "ನಿಮಗೆ ಹೇಳಬೇಕಾಗಿರೋದು ಒಂದಿದೆ. ಮಾರ್ಚ್‌ನಿಂದ ಇದೆ. ಆದ್ರೆ ಆ ಜಲ್ಲಿ ನೆನಪಾದ್ರೆ ಬಾಯಿ ಬರಲ್ಲ. ನಾನಾಗಿ ಕರೆಯೋ ತನಕ ಕಾಯ್ತೀರಾ?"

*ಕಾಯುವುದೊಂದೇ ಅಲ್ಲವೇ ನಾನು ಇಷ್ಟು ದಿನ ಮಾಡಿದ್ದು?*

"ಕಾಯ್ತೀನಿ," ಎಂದಳು.

* * *

ಕೋಪ ಬಂದು ಪತ್ರಿಕೆ ಬಿಟ್ಟವರು ಇನ್ನೂರ ಹನ್ನೊಂದು ಜನ. ಉಳಿದವರು ಮಾಡಿದ್ದನ್ನು ಮಾತ್ರ ಅವಳು ಊಹಿಸಿರಲಿಲ್ಲ.

"ಮೇಡಂ, ನಾವೆಲ್ಲ ಸರದಿ ಹಾಕ್ಕೊಂಡಿದೀವಿ," ಎಂದ ಕ್ಷೌರದಂಗಡಿಯವನು ಫೋನಿನಲ್ಲಿ. "ರಜಾ ದಿನ ಇಬ್ಬಿಬ್ಬರು ಮಡುವಿನ ದಾರೀಲಿ ಕೂತು, ಬಂದೋರನ್ನ ಕೈಮುಗಿದು ವಾಪಸ್ ಕಳಿಸ್ತೀವಿ. ಗಾಳ ಮನೇಲೇ ಬಿಟ್ಟು! ಗಾಳ ಇಲ್ಲದೆ ನೀರಿನ ಪಕ್ಕ ಕೂರೋದು ಎಷ್ಟು ಕಷ್ಟ ಗೊತ್ತಾ? ಕೈ ಎಲ್ಲಿಡಬೇಕು ಅಂತಾನೇ ತಿಳಿಯಲ್ಲ."

"ಅಣ್ಣಾ... ಹೇಗೆ ಹೇಳಲಿ ನಿಮಗೆ..."

"ಏನೂ ಹೇಳಬೇಡಿ. ತುಳಿದವರಲ್ಲಿ ನಾನೇ ಮೊದಲು. ಇದು ಮಾತ್ರ ಹೇಳಿಕೆಯ ಪ್ರಕಾರ ಅಲ್ಲ, ಅಳತೆ ಸಹಿತ."

ಅವಳು ನಗುತ್ತಲೇ ಅತ್ತಳು.

ಒಂದು ವಾರ ಹೋಯಿತು. ಎರಡು ವಾರ. ಫೋನ್ ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಮೊದಲಿನ ಕಾಯುವಿಕೆಗೆ ಕೊನೆಯಿರಲಿಲ್ಲ, ಅದು ಬರೀ ನೋವು. ಈಗಿನದಕ್ಕೆ ಬಾಗಿಲೊಂದಿತ್ತು, ಆದರೆ ಅದು ಯಾವ ಕಡೆಗೆ ತೆರೆಯುವುದೋ... ಅದಕ್ಕೇ ಇನ್ನೂ ಕಠಿಣ. ಅವಳು ಒಂಬತ್ತನೇ ಸಂಚಿಕೆ ಕಟ್ಟಿದಳು. 'ನೀರಿನ ಮಟ್ಟ'ದ ಪುಟವನ್ನು ಈ ಸಲ ತೆಗೆಯಲಿಲ್ಲ. ತಲೆಬರಹ ಹಾಕಿ, ಕೆಳಗೆ ಖಾಲಿ ಬಿಟ್ಟು ಹಾಗೇ ಬಿಡುಗಡೆ ಮಾಡಿದಳು.

ಡಿಸೆಂಬರ್ ಒಂದು, ಭಾನುವಾರ. ಆರಕ್ಕೆ ಸಂಚಿಕೆ ಹೊರಬಂತು. ಆರು ಗಂಟೆ ಹತ್ತು ನಿಮಿಷಕ್ಕೆ ಫೋನ್ ಬಂತು!

"ಸಂಪಾದಕರೇ."

ಎರಡು ತಿಂಗಳ ಮೇಲೆ ಆ ಒಂದು ಪದ. ಅವಳು ಗೋಡೆಗೆ ಒರಗಿದಳು.

"ಖಾಲಿ ಪುಟ ನೋಡಿದೆ. ಹೊರಟು ಬರ್ತೀರಾ? ಜಲ್ಲಿಯಲ್ಲಿ ಏನಿದೆ ಅಂತ ನಾನಿನ್ನೂ ನೋಡಿಲ್ಲ. ಒಬ್ಬನಿಗೇ ಧೈರ್ಯ ಸಾಲ್ತಿಲ್ಲ."

ಚಿಕ್ಕಮ್ಮ ಒಳಗಿನಿಂದಲೇ ಕೂಗಿದರು, "ಹೋಗೇ! ನಾನು ಸ್ನಾನಕ್ಕೆ ಹೋಗ್ತಿದೀನಿ, ನಿನ್ನ ಕಣ್ಣೀರು ನೋಡ್ತಾ ಕೂರೋಕೆ ಪುರುಸೊತ್ತಿಲ್ಲ!"

ಹನ್ನೊಂದು ಗಂಟೆಯ ಹೊತ್ತಿಗೆ ಅವರು ಮಡುವಿನ ಬಳಿಯಿದ್ದರು. ದಾರಿಯಲ್ಲಿ ಕಾವಲಿಗೆ ಕುಳಿತಿದ್ದ ಇಬ್ಬರು ಎದ್ದು ನಿಂತು, ಏನೂ ಕೇಳದೆ ಬೇರೆ ಕಡೆ ತಿರುಗಿಕೊಂಡರು. ಮರ ಮೊದಲಿನ ಹಾಗೇ ಓರೆಯಾಗಿ ಬಾಗಿತ್ತು. ಅದರ ನೆರಳಿನಲ್ಲಿ ಹೊಂಬಣ್ಣದ ಮೈಗಳು ನಾಲ್ಕೇ ನಾಲ್ಕು.

"ಹೋದ ವರ್ಷ ಮೂವತ್ತಿದ್ದವು," ಎಂದ.

ಅವಳು ಬೂಟು ಬಿಚ್ಚಿ ದಡದಲ್ಲಿಟ್ಟಳು.

ಅವನು ಜಲ್ಲಿಯನ್ನು ತುಳಿಯದೆ, ದಡದ ಬಂಡೆಯ ಮೇಲೆ ಬೋರಲಾಗಿ ಮಲಗಿ, ಬಿಳಿ ತಟ್ಟೆಯೊಂದನ್ನು ಅಂಚಿನ ನೀರಿನಲ್ಲಿ ಮುಳುಗಿಸಿದ. ನಿಧಾನವಾಗಿ ಎತ್ತಿದ. ಇಬ್ಬರ ತಲೆಯೂ ಒಟ್ಟಿಗೆ ಬಾಗಿದವು.

ಮರಳಿನ ಕಣಗಳು. ಒಂದು ಎಲೆಯ ಚೂರು. ಬೇರೇನೂ ಇಲ್ಲ...

"ಅಲ್ಲಿ!" ಅವಳು ಅವನ ತೋಳು ಹಿಡಿದಳು. "ಅದು ಅಲುಗಿತು!"

ಗಾಜಿನ ಎಳೆಯಂಥದ್ದೊಂದು. ಎರಡು ಕಪ್ಪು ಚುಕ್ಕೆ, ಅವೇ ಕಣ್ಣು. ಅದರ ಪಕ್ಕ ಇನ್ನೊಂದು. ಮತ್ತೊಂದು!

ಅವನು ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದ. ತಟ್ಟೆಯ ನೀರಿಗೆ ಒಂದು ಹನಿ ಬಿತ್ತು. ಅದು ಹೊಳೆಯದಲ್ಲ.

"ಕರೆದು ಹೇಳ್ತೀನಿ ಅಂದಿದ್ರಿ," ಎಂದಳು ಅವಳು ಮೆಲ್ಲಗೆ. "ಮಾರ್ಚ್‌ನಿಂದ ಇಟ್ಕೊಂಡಿರೋದು."

"ನನಗೆ ಅಳೆಯೋಕೆ ಬರುತ್ತೆ, ಹೇಳೋಕೆ ಬರಲ್ಲ." ಅವನು ತಟ್ಟೆಯಿಂದ ಕಣ್ಣೆತ್ತಿದ. "ಆ ಕೆರೆಯಲ್ಲಿ ಹತ್ತರವರೆಗೆ ಎಣಿಸಿದೆನಲ್ಲ... ಅವತ್ತು ಆ ಸೆಕೆಂಡುಗಳು ಉದ್ದ ಇದ್ದವು. ನಾನೇ ಉದ್ದ ಮಾಡಿದ್ದೆ. ನಿಮ್ಮನ್ನ ನೋಡ್ತಾ ಇರೋಕೆ. ನನ್ನ ಜೀವನದಲ್ಲಿ ಬೇಕಂತಲೇ ಮಾಡಿದ ತಪ್ಪು ಅಳತೆ ಅದೊಂದೇ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಯಾವುದು ಮೊದಲು ಎಂದು ಗೊತ್ತಾಗಲಿಲ್ಲ.

"ಹತ್ತನೇ ಸಂಚಿಕೆಗೆ ಬರೀಲಾ?" ಎಂದು ಕೇಳಿದ.

"ಬರೀರಿ. ಆದ್ರೆ ಓದಿ ಹೇಳೋಕೆ ಫೋನ್ ಮಾಡಬೇಡಿ."

"ಮತ್ತೆ?"

"ಪಕ್ಕದಲ್ಲಿ ಕೂತು ಓದಿ. ದಿನಾ."

ಅವನು ಜೇಬಿನಿಂದ ಸಣ್ಣ ಉಕ್ಕಿನ ಪಟ್ಟಿ ತೆಗೆದು ಅವಳ ಕೈಗಿತ್ತ. ಅವಳು ಅದನ್ನು ತಟ್ಟೆಯ ಅಂಚಿಗೆ, ಮರಿಯೊಂದರ ಪಕ್ಕಕ್ಕೆ ಹಿಡಿದಳು. ನೀರು ತುಳುಕಿತು.

"ಕೈ ನಡುಗ್ತಿದೆ ನಿಮ್ಮದು."

"ನನ್ನದಲ್ಲ, ತಟ್ಟೆ ಹಿಡಿದಿರೋ ನಿಮ್ಮದು."

"ಇಬ್ಬರೂ ನಡುಗಿದ್ರೆ ಅಳತೆ ಸರಿ ಬರಲ್ಲ."

"ಹಾಗಾದ್ರೆ ನೀರು ನಿಲ್ಲೋ ತನಕ ಹೀಗೇ ಇರೋಣ."

ಅವನ ಇನ್ನೊಂದು ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಬಹಳ ಹೊತ್ತಿನ ಮೇಲೆ ನೀರು ನಿಂತಿತು. ಅವಳು ಬಗ್ಗಿ ಓದಿದಳು.

ಹನ್ನೊಂದು ಮಿಲಿಮೀಟರ್.